ಅಳಿದ ಸಾಮ್ರಾಜ್ಯದ ಉಳಿದ ಪದಕಗಳು

ರಾಜ್ಯವೊಂದು ನಾಮಾವಶೇಷವಾದ ಮೇಲೆ ಅದರ ಕೋಟೆಗಳು ಪರರ ಪಾಲಾಗುತ್ತವೆ, ಅದರ ನಾಣ್ಯಗಳು ಕರಗಿ ಬೇರೊಂದು ಮುದ್ರೆಯನ್ನು ಹೊರುತ್ತವೆ, ಅದರ ಶಾಸನಗಳನ್ನು ಹೊಸ ನ್ಯಾಯಾಲಯಗಳು ಮರೆಯುತ್ತವೆ. ಆದರೆ ಆ ರಾಜ್ಯವು ತನ್ನ ಯೋಧರ ಎದೆಗೆ ಕಟ್ಟಿದ ಬಿರುದಿನ ಬಿಲ್ಲೆಗಳು ಮಾತ್ರ, ಕೊಳ್ಳುವವರಿಲ್ಲದೆ, ಬಿಸುಡಲು ಮನಸ್ಸೂ ಬಾರದೆ, ಮನೆಮನೆಯ ಪೆಟ್ಟಿಗೆಯ ತಳದಲ್ಲಿ ತಲೆಮಾರುಗಳ ಕಾಲ ಉಳಿದುಕೊಳ್ಳುತ್ತವೆ. 1918ನೆಯ ಇಸವಿ ನವೆಂಬರ್ 11ರಂದು ವಿಯೆನ್ನಾ ನಗರದ ಷೋನ್‌ಬ್ರುನ್ ಅರಮನೆಯಲ್ಲಿ ಕಾರ್ಲ್ ಚಕ್ರವರ್ತಿಯು, ರಾಜ್ಯಭಾರದಲ್ಲಿ ತನಗೆ ಇನ್ನು ಯಾವ ಪಾಲೂ ಇಲ್ಲವೆಂಬ ಪತ್ರಕ್ಕೆ ರುಜು ಹಾಕಿದನು; ಮರುದಿನ ಆಸ್ಟ್ರಿಯವು ಗಣರಾಜ್ಯವಾಯಿತು. ಹ್ಯಾಬ್ಸ್‌ಬರ್ಗ್ ವಂಶದ ಆರು ಶತಮಾನಗಳಿಗೂ ಮೀರಿದ ಆಳ್ವಿಕೆ ಹೀಗೆ ಮುಗಿಯಿತು. ಆ ವಂಶದ ಹೆಸರಿನಲ್ಲಿ ಹೋರಾಡಿ ಬದುಕಿ ಉಳಿದವರು, ತಮ್ಮ ಊರು ಈಗ ಯಾವ ದೇಶಕ್ಕೆ ಸೇರಿತೆಂದು ವಿಚಾರಿಸಿಕೊಂಡು ಮನೆಗೆ ಹೊರಟಾಗ, ಅವರ ಅಂಗಿಯ ಮೇಲೆ ಇಲ್ಲವೆ ಜೇಬಿನಲ್ಲಿ ಈ ಪದಕಗಳಿದ್ದುವು.

ಇಂದಿನ ಭಾಷಣದಲ್ಲಿ, ಶ್ರೋತೃಗಳೆ, ಆ ಪದಕಗಳನ್ನು ಕೂಡಿಸುವ ಹವ್ಯಾಸವನ್ನೂ, ಅದಕ್ಕಿಂತ ಮುಖ್ಯವಾಗಿ ಅವುಗಳನ್ನು ಗುರುತಿಸುವ ವಿದ್ಯೆಯನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಹವ್ಯಾಸವೆಂದರೆ ಹಣವಿದ್ದವನ ವಿಲಾಸವೆಂದು ಕೆಲವರ ಎಣಿಕೆ. ಹಣ ಕೂಡಿಸಲು ನೆರವಾದೀತು. ಗುರುತಿಸುವುದಕ್ಕೆ ಬೇಕಾದುದು ಮಾತ್ರ ಕಣ್ಣು, ತಾಳ್ಮೆ, ಸ್ವಲ್ಪ ಇತಿಹಾಸ. ಈ ಮೂರೂ ಇಲ್ಲದ ಶ್ರೀಮಂತನ ಸಂಗ್ರಹಕ್ಕಿಂತ, ಇವು ಇರುವ ಬಡ ಉಪಾಧ್ಯಾಯನೊಬ್ಬನ ಐದಾರು ಪದಕಗಳ ಸಂಗ್ರಹವೇ ಹೆಚ್ಚಿನದೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ಆಸ್ಟ್ರಿಯದ ಪದಕಗಳಲ್ಲಿ ಒಂದು ವಿಶೇಷ ತೊಡಕುಂಟು. ಬ್ರಿಟಿಷರು ಕೊಟ್ಟ ಯುದ್ಧಪದಕವೊಂದರ ಅಂಚನ್ನು ತಿರುಗಿಸಿ ನೋಡಿದರೆ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ದಳ, ಇಷ್ಟೂ ಅಲ್ಲಿ ಮುದ್ರಿತವಾಗಿರುವುದು ಸಾಮಾನ್ಯ. ಆಸ್ಟ್ರಿಯದ ಪದಕವು ಸಾಮಾನ್ಯವಾಗಿ ಯಾರ ಹೆಸರನ್ನೂ ಹೇಳದು. ಇದರ ಅರ್ಥವೇನೆಂಬುದನ್ನು ಮನಗಾಣಿಸಲು ನಮ್ಮವರಿಗೇ ಸಂಬಂಧಪಟ್ಟ ಒಂದು ಪ್ರಸಂಗವುಂಟು. 1918ನೆಯ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್ ದಳಗಳು ಕುದುರೆಯೇರಿ ಭರ್ಜಿ ಹಿಡಿದು ದಾಳಿಯಿಟ್ಟು ಆ ಪಟ್ಟಣವನ್ನು ಗೆದ್ದುಕೊಂಡ ಸಂಗತಿ ನಮ್ಮಲ್ಲಿ ಪ್ರಸಿದ್ಧವಾಗಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರಿನ ಆ ಯೋಧರ ಸ್ಮಾರಕವೂ ನಿಂತಿದೆ. ಅಂದು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ತುರ್ಕರ ನೆರವಿಗೆಂದು ನಿಂತಿದ್ದ ಲಘು ತೋಪುಗಳ ತಂಡವು ಆಸ್ಟ್ರಿಯದ್ದೆಂಬುದನ್ನು ಹೆಚ್ಚು ಜನ ಅರಿಯರು. ಅಂದಿನ ಮೈಸೂರು ಸವಾರನೊಬ್ಬನ ಬೆಳ್ಳಿಯ ಯುದ್ಧಪದಕ ನಿಮ್ಮ ಕೈಗೆ ಬಂದರೆ ಅದರ ಅಂಚನ್ನೋದಿ ಅವನನ್ನು ಹೆಸರು ಹಿಡಿದು ಕರೆಯಬಹುದು. ಬೆಟ್ಟದ ಮೇಲಿಂದ ಅವನತ್ತ ತೋಪು ಹಾರಿಸಿದವನ ಪದಕ ಸಿಕ್ಕಿದರೆ, ಅದು ಯಾವ ದೊರೆಯ ಕಾಲದ್ದು, ಯಾವ ಲೋಹದ್ದು, ಯಾವ ದರ್ಜೆಯದು ಎಂದಷ್ಟೇ ತಿಳಿದೀತೇ ಹೊರತು ಆ ಮನುಷ್ಯನಾರೆಂಬುದು ತಿಳಿಯದು. ಆದ್ದರಿಂದ ಆಸ್ಟ್ರಿಯದ ಪದಕವನ್ನು ಓದುವವನು ಅಕ್ಷರಗಳನ್ನು ಮಾತ್ರ ನಂಬಿ ಕುಳಿತರೆ ಸಾಲದು. ದೊರೆಯ ಮುಖ, ಕಿರೀಟ, ಲೋಹ, ಅಂಚು, ಪಟ್ಟಿಯ ಬಣ್ಣ, ಪಟ್ಟಿಯನ್ನು ಮಡಿಸಿದ ರೀತಿ, ಜೊತೆಯಲ್ಲಿರುವ ಕಾಗದ ಇವೆಲ್ಲವನ್ನೂ ಸಾಕ್ಷಿಗಳಂತೆ ಒಂದೊಂದಾಗಿ ವಿಚಾರಿಸಬೇಕು.

ಮೊದಲು ಹಿರಿಯದನ್ನು ನೆನೆಯೋಣ. ಮರಿಯಾ ತೆರೇಸಾ ಮಹಾರಾಣಿಯ ಸೇನಾಪತಿ ಡೌನ್ ಎಂಬವನು 1757ನೆಯ ಜೂನ್ 18ರಂದು ಬೊಹೀಮಿಯದ ಕೋಲಿನ್ ಎಂಬಲ್ಲಿ, ಅದುವರೆಗೆ ಅಜೇಯನೆಂದು ಹೆಸರಾಗಿದ್ದ ಪ್ರಷ್ಯದ ಫ್ರೆಡೆರಿಕ್ ದೊರೆಯನ್ನು ಸೋಲಿಸಿದನು. ಆ ದಿನವನ್ನೇ ಸ್ಥಾಪನೆಯ ದಿನವೆಂದು ಸಾರಿ ಮಹಾರಾಣಿಯು ತನ್ನ ಹೆಸರಿನ ಸೈನಿಕ ಬಿರುದನ್ನು ಏರ್ಪಡಿಸಿದಳು. ಬಿಳಿಯ ಎನಾಮಲ್ಲಿನ ಪುಟ್ಟ ಶಿಲುಬೆ. ನಡುವೆ ಕೆಂಪು ಬಿಳಿ ಕೆಂಪು ವರ್ಣಗಳ ಆಸ್ಟ್ರಿಯದ ಲಾಂಛನ. ಅದರ ಸುತ್ತ, ಶೌರ್ಯಕ್ಕೆ ಸಮರ್ಪಣೆ ಎಂಬರ್ಥದ ‘ಫೋರ್ಟಿಟ್ಯೂಡಿನಿ’ ಎಂಬ ಒಂದೇ ಲ್ಯಾಟಿನ್ ಮಾತು. ಹಿಂಬದಿಯಲ್ಲಿ ಮಹಾರಾಣಿಯ ಮತ್ತು ಅವಳ ಪತಿ ಫ್ರಾನ್ಸಿಸನ ಹೆಸರುಗಳ ಹೆಣೆದ ಮೊದಲಕ್ಷರಗಳು. ನೋಟಕ್ಕೆ ಇಷ್ಟೇ. ಆದರೆ ಆ ಕಾಲದ ಯೂರೋಪಿನಲ್ಲಿ ಇದರ ನಿಯಮವು ಬಹು ದೊಡ್ಡದು: ಕುಲವನ್ನಾಗಲಿ ಮತವನ್ನಾಗಲಿ ಹಿಂದಿನ ಸೇವೆಯ ವರ್ಷಗಳನ್ನಾಗಲಿ ಲೆಕ್ಕಿಸದೆ, ಅಧಿಕಾರಿಯೊಬ್ಬನು ಮಾಡಿದ ಕಾರ್ಯವನ್ನು ಮಾತ್ರ ನೋಡಿ ಕೊಡತಕ್ಕದ್ದು, ಆ ಕಾರ್ಯವೂ ಎಂತಹುದೆಂದರೆ, ಮಾನವಂತನಾದ ಅಧಿಕಾರಿಯೊಬ್ಬನು ಅದನ್ನು ಮಾಡದೆ ಬಿಟ್ಟಿದ್ದರೂ ಅವನನ್ನು ಯಾರೂ ದೂರುವಂತಿರಬಾರದು, ಅಂತಹುದನ್ನು ಅವನು ತಾನಾಗಿ ಮೇಲೆ ಹಾಕಿಕೊಂಡು ಸಫಲಗೊಳಿಸಿರಬೇಕು.

ಮೇಲಧಿಕಾರಿಯ ಆಜ್ಞೆಯನ್ನು ಮೀರಿ ಗೆದ್ದವನಿಗೆ ಈ ಬಿರುದನ್ನು ಕೊಡುತ್ತಿದ್ದರೆಂಬ ಕಥೆಯೊಂದು ಪುಸ್ತಕದಿಂದ ಪುಸ್ತಕಕ್ಕೆ ಹಾರಿ ಬಂದಿದೆ. ಕಥೆ ರಮ್ಯವಾಗಿದೆ, ನಿಜವಲ್ಲ. ಆಜ್ಞೆ ಇಲ್ಲದಿದ್ದಾಗ ಮಾಡುವುದು ಬೇರೆ, ಇದ್ದ ಆಜ್ಞೆಯನ್ನು ಮುರಿಯುವುದು ಬೇರೆ. ನಿಯಮವು ಬಯಸಿದ್ದು ಮೊದಲನೆಯದನ್ನು. ಇನ್ನೊಂದು ವಿಚಿತ್ರವೆಂದರೆ, ಈ ಬಿರುದಿಗಾಗಿ ಅಧಿಕಾರಿಯು ತಾನೇ ಅರ್ಜಿ ಹಾಕಿಕೊಳ್ಳಬೇಕಾಗಿತ್ತು, ಕಣ್ಣಾರೆ ಕಂಡವರ ಸಾಕ್ಷ್ಯವನ್ನು ಒದಗಿಸಬೇಕಾಗಿತ್ತು; ಹಿಂದೆಯೇ ಬಿರುದು ಪಡೆದವರ ಮಂಡಲಿಯೊಂದು ಕುಳಿತು ಅದನ್ನು ಪರೀಕ್ಷಿಸಿ ತೀರ್ಮಾನಿಸುತ್ತಿತ್ತು. ಮೊದಲನೆಯ ಮಹಾಯುದ್ಧ ಮುಗಿದು ಚಕ್ರವರ್ತಿಯಿಲ್ಲದಾದ ಮೇಲೂ ಈ ಮಂಡಲಿಯು ಬಾಕಿ ಉಳಿದ ಅರ್ಜಿಗಳ ವಿಚಾರಣೆಯನ್ನು 1931ರವರೆಗೆ ನಡೆಸಿತು. ಕೊಡುವ ದೊರೆಯಿಲ್ಲ, ಕಾಯುವ ಗಡಿಯಿಲ್ಲ. ಆದರೂ ನರೆತ ಅಧಿಕಾರಿಗಳು ಮೇಜಿನ ಸುತ್ತ ಕುಳಿತು ಹಳೆಯ ಯುದ್ಧದ ಒಂದೊಂದು ಸಾಹಸವನ್ನೂ ತೂಗಿ ನೋಡುತ್ತಿದ್ದರೆಂಬುದನ್ನು ಯೋಚಿಸಿದರೆ ನಗುವುದೋ ಗೌರವಿಸುವುದೋ ತಿಳಿಯುವುದಿಲ್ಲ. ನಾನಂತೂ ಗೌರವಿಸುವ ಪಕ್ಷ. ಈ ಬಿರುದನ್ನು ಪಡೆದು ಎಲ್ಲರಿಗಿಂತ ಕೊನೆಯವರೆಗೆ ಬದುಕಿದ್ದವನು ಗಾಟ್‌ಫ್ರೀಡ್ ಫಾನ್ ಬಾನ್‌ಫೀಲ್ಡ್ ಎಂಬ ನೌಕಾವೈಮಾನಿಕ. ಟ್ರಿಯೆಸ್ಟ್ ಬಂದರಿನ ಆಕಾಶವನ್ನು ಕಾದವನು, ಯುದ್ಧಾನಂತರ ಮುಳುಗಿದ ಹಡಗುಗಳನ್ನು ಮೇಲೆತ್ತುವ ಉದ್ಯಮವನ್ನು ನಡೆಸಿ, 1986ರಲ್ಲಿ ಅದೇ ಊರಿನಲ್ಲಿ ತೀರಿಕೊಂಡನು.

ಸಾಮಾನ್ಯ ಸಂಗ್ರಾಹಕನಿಗೆ ಈ ಶಿಲುಬೆ ದೊರೆಯುವ ವಸ್ತುವಲ್ಲ. ದೊರೆಯಿತೆಂದು ಯಾರಾದರೂ ಅಗ್ಗದ ಬೆಲೆಗೆ ತಂದು ತೋರಿಸಿದರೆ, ನಮಸ್ಕಾರ ಮಾಡಿ ಕಳುಹಿಸುವುದೇ ಕ್ಷೇಮ.

ನಮ್ಮ ಅಭ್ಯಾಸಕ್ಕೆ ನಿಜವಾಗಿ ಒದಗುವುದು ಶೌರ್ಯಪದಕ. ಮರಿಯಾ ತೆರೇಸಾಳ ಬಿರುದು ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. ಸಾಮಾನ್ಯ ಸಿಪಾಯಿಯ ಶೌರ್ಯಕ್ಕೂ ಶಾಶ್ವತವಾದ ಗುರುತು ಇರಬೇಕೆಂದು ಅವಳ ಮಗ ಎರಡನೆಯ ಜೋಸೆಫ್ ಚಕ್ರವರ್ತಿಯು, ತುರ್ಕರೊಡನೆ ಯುದ್ಧ ನಡೆಯುತ್ತಿದ್ದಾಗ, 1789ನೆಯ ಜುಲೈ 19ರಂದು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಸ್ಥಾಪಿಸಿದನು. ಪದಕದೊಡನೆ ಸಂಬಳಕ್ಕೆ ಮೇಲಾಗಿ ಭತ್ಯವೂ ಬರುತ್ತಿದ್ದುದರಿಂದ, ರೈತನ ಮಗನಾದ ಸಿಪಾಯಿಗೆ ಅದು ಕೀರ್ತಿಯೂ ಹೌದು, ಅನ್ನವೂ ಹೌದು. ಪ್ಯಾರಿಸಿನಲ್ಲಿ ಬ್ಯಾಸ್ಟೀಲ್ ಸೆರೆಮನೆ ಬಿದ್ದು ಆಗ ಐದೇ ದಿನ ಕಳೆದಿತ್ತೆಂಬುದನ್ನು ನೆನೆದರೆ, ಸಾಮಾನ್ಯನ ಎದೆಯ ಮೇಲೆ ಚಕ್ರವರ್ತಿಯ ಮುಖವನ್ನು ಹಾಕಬೇಕೆಂಬ ಆಲೋಚನೆ ತಕ್ಕ ಕಾಲದಲ್ಲೇ ಹೊಳೆಯಿತೆನ್ನಬೇಕು.

ಈ ಪದಕವು ಸಾಮ್ರಾಜ್ಯದ ಕೊನೆಯ ದಿನದವರೆಗೂ ನಡೆದು ಬಂದಿತು. 1848ರಲ್ಲಿ ಬೆಳ್ಳಿಯದನ್ನು ಎರಡು ದರ್ಜೆಗಳಾಗಿ ಒಡೆದರು: ಚಿನ್ನದ್ದೂ ದೊಡ್ಡ ಬೆಳ್ಳಿಯದೂ 40 ಮಿಲಿಮೀಟರ್ ಅಡ್ಡಳತೆಯವು, ಸಣ್ಣ ಬೆಳ್ಳಿಯದು 31 ಮಿಲಿಮೀಟರಿನದು. 1915ನೆಯ ಫೆಬ್ರುವರಿಯಲ್ಲಿ, ಯುದ್ಧವು ಯಾರೂ ಎಣಿಸದಷ್ಟು ದೊಡ್ಡದಾದಾಗ, ಸಣ್ಣ ಬೆಳ್ಳಿಯದರಷ್ಟೇ ಗಾತ್ರದ ಕಂಚಿನ ಪದಕವೂ ಸೇರಿತು. ಈ ಅಳತೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ವ್ಯರ್ಥವಲ್ಲ. ಅಸಲಿನ ಮೇಲೆ ಎರಕದ ಅಚ್ಚನ್ನು ತೆಗೆದು ಹೊಯ್ದ ನಕಲು, ಲೋಹ ಆರಿದಾಗ ಕುಗ್ಗುವುದರಿಂದ, ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುವುದುಂಟು. ಅಕ್ಷರಗಳ ಅಂಚು ಮೊಂಡಾಗಿ, ಮುಖದ ನೆಲದಲ್ಲಿ ಸಣ್ಣ ಗುಳಿಗಳು ಬಿದ್ದು, ಸುತ್ತಂಚಿನಲ್ಲಿ ಅರದಿಂದ ಉಜ್ಜಿದ ಬೆಸುಗೆಯ ಗೆರೆ ಕಾಣುವುದೂ ಉಂಟು. ಟಂಕಸಾಲೆಯ ಅಚ್ಚಿನ ಪೆಟ್ಟಿನಿಂದ ಹುಟ್ಟಿದ ಪದಕದಲ್ಲಿ ಇವು ಇರಲಾರವು. ಒಂದು ಭೂತಗನ್ನಡಿ, ಒಂದು ಅಳತೆಯ ಇಕ್ಕಳ, ಒಂದು ಸಣ್ಣ ತಕ್ಕಡಿ, ಇಷ್ಟಿದ್ದರೆ ಅರ್ಧ ಮೋಸ ಅಲ್ಲಿಯೇ ಬಯಲಾಗುವುದು.

ಇನ್ನು ಮುಖಗಳ ವಿಚಾರ. ಜೋಸೆಫನ ತರುವಾಯ ಫ್ರಾನ್ಸಿಸ್, ಅವನ ತರುವಾಯ ಫರ್ಡಿನೆಂಡ್, ಅವನ ತರುವಾಯ ಫ್ರಾನ್ಸ್ ಜೋಸೆಫ್, ಕಡೆಗೆ ಕಾರ್ಲ್, ಹೀಗೆ ಶೌರ್ಯಪದಕದ ಮುಂಬದಿಯು ಒಂದು ವಂಶಾವಳಿಯೇ ಆಗಿದೆ. ಇವರಲ್ಲಿ ಫ್ರಾನ್ಸಿಸನು ಹೊಸಬರನ್ನು ಗಲಿಬಿಲಿಗೊಳಿಸುವವನು. ಪವಿತ್ರ ರೋಮನ್ ಸಾಮ್ರಾಜ್ಯದ ಪೀಠದಲ್ಲಿ ಅವನು ಎರಡನೆಯ ಫ್ರಾನ್ಸಿಸ್. 1804ರಲ್ಲಿ ನೆಪೋಲಿಯನ್ನನ ಉಬ್ಬರವನ್ನು ಕಂಡು ಆಸ್ಟ್ರಿಯದ ಚಕ್ರವರ್ತಿ ಎಂಬ ಹೊಸ ಬಿರುದನ್ನು ಧರಿಸಿದಾಗ ಅವನು ಮೊದಲನೆಯ ಫ್ರಾನ್ಸಿಸನಾದನು. ಎರಡು ವರ್ಷಗಳಲ್ಲಿ ಹಳೆಯ ರೋಮನ್ ಸಾಮ್ರಾಜ್ಯವೇ ಕೊನೆಗೊಂಡಿತು. ಹೀಗೆ ವಯಸ್ಸು ಏರಿದಂತೆ ಸಂಖ್ಯೆ ಇಳಿದ ದೊರೆ ಚರಿತ್ರೆಯಲ್ಲಿ ವಿರಳ. ಮುಖದ ಸುತ್ತಲಿನ ಬಿರುದಾವಳಿಯು ರೋಮನ್ ಚಕ್ರವರ್ತಿಯದೋ ಆಸ್ಟ್ರಿಯದ ಚಕ್ರವರ್ತಿಯದೋ ಎಂಬುದನ್ನು ನೋಡಿದರೆ ಪದಕವು ಆ ಸಂಧಿಕಾಲದ ಯಾವ ಬದಿಗೆ ಸೇರಿದ್ದೆಂಬುದು ಗೊತ್ತಾಗುತ್ತದೆ.

ಫ್ರಾನ್ಸ್ ಜೋಸೆಫನ ಆಳ್ವಿಕೆ 1848ರ ಡಿಸೆಂಬರಿನಿಂದ 1916ರ ನವೆಂಬರಿನವರೆಗೆ, ಸುಮಾರು ಅರುವತ್ತೆಂಟು ವರ್ಷ. ಹದಿನೆಂಟನೆಯ ವಯಸ್ಸಿನಲ್ಲಿ ಪಟ್ಟವೇರಿದ ಹುಡುಗನ ನುಣುಪು ಗಲ್ಲವು ಅವನ ಕಾಲದ ಮೊದಲ ಪದಕಗಳಲ್ಲಿದೆ. 1859ರ ಸುಮಾರಿಗೆ ಕೆನ್ನೆಗೂದಲು ಮೂಡುತ್ತದೆ. 1866ರ ತರುವಾಯದ ಮುಖ ಪ್ರೌಢವಾದುದು. ಆ ಎರಡು ವರ್ಷಗಳೂ ಆಸ್ಟ್ರಿಯದ ಸೋಲಿನ ವರ್ಷಗಳು: ಮೊದಲನೆಯದು ಇಟಲಿಯ ಸೊಲ್ಫೆರಿನೊದಲ್ಲಿ, ಎರಡನೆಯದು ಪ್ರಷ್ಯದೆದುರು ಕ್ಯೋನಿಗ್‌ಗ್ರೆಟ್ಸಿನಲ್ಲಿ. ಮುಖದ ಕೆಳಗೆ, ಕತ್ತನ್ನು ಕಡಿದ ಗೆರೆಯ ಹತ್ತಿರ, ಬರಿಗಣ್ಣಿಗೆ ಕಾಣದಷ್ಟು ಸಣ್ಣಕ್ಷರಗಳಲ್ಲಿ ಅಚ್ಚು ಕೊರೆದವನ ಹೆಸರಿರುತ್ತದೆ. ಲೈಸೆಕ್ ಮತ್ತು ಟೌಟೆನ್‌ಹೈನ್ ಎಂಬ ಹೆಸರುಗಳು ಕೊನೆಯ ಕಾಲದ ಪದಕಗಳಲ್ಲಿ ಪದೇ ಪದೇ ಬರುವುವು. ನಕಲು ಮಾಡುವವನು ಹೆಚ್ಚಾಗಿ ಎಡವುವುದು ಈ ಪುಟ್ಟ ಅಕ್ಷರಗಳಲ್ಲೇ.

ಹಿಂಬದಿಯಲ್ಲಿ ಧ್ವಜಗಳ ನಡುವೆ, ಲಾರೆಲ್ ಎಲೆಯ ಮಾಲೆಯೊಳಗೆ, ಶೌರ್ಯಕ್ಕೆ ಎಂದು ಜರ್ಮನ್ ಭಾಷೆಯಲ್ಲಿ ಬರೆದಿದೆ. ಕಾರ್ಲನ ಕಾಲಕ್ಕೆ ಬರುವಾಗ ಆ ಬರಹವು ಅಲ್ಲಿಲ್ಲ. ಅದರ ಸ್ಥಾನದಲ್ಲಿ ಮರಿಯಾ ತೆರೇಸಾಳ ಶಿಲುಬೆಯ ಮೇಲಿದ್ದ ಅದೇ ಲ್ಯಾಟಿನ್ ಮಾತು ಕುಳಿತಿದೆ. ಮುಂಬದಿಯ ಬಿರುದಾವಳಿಯೂ ಲ್ಯಾಟಿನ್ ಆಗಿದೆ. ಇದೇನೂ ಸಣ್ಣ ಮಾರ್ಪಾಡಲ್ಲ. ಐದು ಕೋಟಿ ಜನರ ಆ ರಾಜ್ಯದಲ್ಲಿ ಜರ್ಮನರು, ಹಂಗೇರಿಯನ್ನರು, ಚೆಕ್ಕರು, ಪೋಲರು, ಉಕ್ರೇನಿಯನ್ನರು, ಕ್ರೊಯೇಟರು, ಸೆರ್ಬರು, ಸ್ಲೋವೇನರು, ಸ್ಲೋವಾಕರು, ರುಮೇನಿಯನ್ನರು, ಇಟಾಲಿಯನ್ನರು ಎಂದು ಹನ್ನೊಂದು ಜನಾಂಗಗಳಿದ್ದುವು. ಪದಕವು ಒಬ್ಬರ ಭಾಷೆಯಲ್ಲಿ ಮಾತನಾಡಿದರೆ ಉಳಿದವರಿಗೆ ಅಸಮಾಧಾನ. ಯಾರ ತಾಯ್ನುಡಿಯೂ ಅಲ್ಲದ ಲ್ಯಾಟಿನ್ ಆಗ ಎಲ್ಲರಿಗೂ ಸಮಾನ ದೂರದಲ್ಲಿದ್ದ ಆಶ್ರಯವಾಯಿತು. ಯುವಕ ಚಕ್ರವರ್ತಿಯ ಸದ್ಭಾವನೆಯನ್ನು ಇದು ತೋರಿಸುತ್ತದೆ. ಆದರೆ ತನ್ನ ಸೈನಿಕರೊಡನೆ ಮಾತನಾಡಲು ಸಮ್ಮತವಾದ ಜೀವಂತ ಭಾಷೆಯೊಂದು ಉಳಿಯದ ರಾಜ್ಯದ ಆಯುಸ್ಸು ಎಷ್ಟೆಂಬುದನ್ನೂ ತೋರಿಸುತ್ತದೆ.

ಜೋಸೆಫನ ಮೂಲ ಕಟ್ಟಳೆಯೂ ಕಾರ್ಲನ ಕಾಲದಲ್ಲಿ ಸಡಿಲವಾಯಿತು. 1917ನೆಯ ಸೆಪ್ಟೆಂಬರಿನಲ್ಲಿ ಅಧಿಕಾರಿಗಳಿಗೂ ಚಿನ್ನದ ಮತ್ತು ಬೆಳ್ಳಿಯ ಶೌರ್ಯಪದಕಗಳನ್ನು ಕೊಡಬಹುದೆಂದು ಆಜ್ಞೆಯಾಗಿ, ಅಂತಹವರ ಪಟ್ಟಿಯ ಮೇಲೆ ಚಕ್ರವರ್ತಿಯ ಹೆಸರಿನ ಮೊದಲಕ್ಷರವನ್ನು ಲೋಹದಲ್ಲಿ ಮಾಡಿ ಹಚ್ಚಿದರು. ಈ ಪದಕವನ್ನು ಧರಿಸಿದವರಲ್ಲಿ ನಾನಾ ತರದವರಿದ್ದರು. ಫಿರಂಗಿದಳಕ್ಕೆ ತಾನಾಗಿ ಸೇರಿ, ಯುದ್ಧಭೂಮಿಯಲ್ಲಿಯೇ ತರ್ಕಶಾಸ್ತ್ರದ ಟಿಪ್ಪಣಿಗಳನ್ನು ಬರೆಯುತ್ತಿದ್ದ ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಒಬ್ಬನು. ಆಲ್ಪ್ಸ್ ಪರ್ವತದ ಮೂರು ಶಿಖರಗಳ ಮುಂಚೂಣಿಯಲ್ಲಿ ತನ್ನ ತಂದೆಯೊಡನೆ ಸೇವೆ ಸಲ್ಲಿಸಿ 1917ರಲ್ಲಿ ಕಾಲನ್ನು ಕಳೆದುಕೊಂಡ ವಿಕ್ಟೋರಿಯಾ ಸಾವ್ಸ್ ಎಂಬ ತರುಣಿ ಇನ್ನೊಬ್ಬಳು.

ಲೋಹದ ಕಥೆ ಭಾಷೆಯ ಕಥೆಗಿಂತ ಕರುಣಾಜನಕವಾದುದು. ನೆಪೋಲಿಯನ್ನನನ್ನು ಸೋಲಿಸಿದ ಸಂತೋಷದಲ್ಲಿ ಫ್ರಾನ್ಸಿಸ್ ಚಕ್ರವರ್ತಿಯು 1814ರಲ್ಲಿ ಸೈನಿಕರಿಗೆ ಹಂಚಿದ ಶಿಲುಬೆಯನ್ನು, ಶತ್ರುವಿನಿಂದ ವಶಪಡಿಸಿಕೊಂಡ ತೋಪುಗಳ ಕಂಚನ್ನು ಕರಗಿಸಿ ಮಾಡಿದ್ದರು. ತೋಪಿನ ಶಿಲುಬೆ ಎಂದೇ ಅದಕ್ಕೆ ರೂಢಿಯ ಹೆಸರು. ಕೃತಜ್ಞನಾದ ದೊರೆಯೂ ನಾಡೂ ಇದನ್ನಿತ್ತರೆಂಬುದು ಅದರ ಮೇಲಿನ ಲ್ಯಾಟಿನ್ ಬರಹದ ಭಾವ. ಫ್ರಾನ್ಸ್ ಜೋಸೆಫನು ಪಟ್ಟವೇರಿದ ಇಪ್ಪತ್ತೈದನೆಯ ವರ್ಷದಲ್ಲಿ, 1873ನೆಯ ಡಿಸೆಂಬರ್ 2ರಂದು ಸ್ಥಾಪಿಸಿದ ಯುದ್ಧಪದಕವೂ ಹಾಗೆಯೇ ತೋಪಿನ ಲೋಹದ್ದು. ಆ ದಿನಾಂಕವೇ ಅದರ ಹಿಂಬದಿಯಲ್ಲಿದೆ. ಕಾರ್ಲನು 1916ನೆಯ ಡಿಸೆಂಬರಿನಲ್ಲಿ, ಹನ್ನೆರಡು ವಾರಗಳ ಕಾಲ ಮುಂಚೂಣಿಯಲ್ಲಿದ್ದ ಎಲ್ಲ ದರ್ಜೆಯವರಿಗೂ ಸಲ್ಲುವಂತೆ ತನ್ನ ಹೆಸರಿನ ಶಿಲುಬೆಯೊಂದನ್ನು ಏರ್ಪಡಿಸಿದಾಗ, ಆಕಾರವನ್ನೂ ಕೃತಜ್ಞತೆಯ ಮಾತನ್ನೂ 1814ರ ಆ ತೋಪಿನ ಶಿಲುಬೆಯಿಂದಲೇ ಎತ್ತಿಕೊಂಡನು. ಆದರೆ ಲೋಹವು ಸತು. ಗೆದ್ದು ತರಲು ಶತ್ರುವಿನ ತೋಪುಗಳಿರಲಿ, ತನ್ನ ತೋಪುಗಳಿಗೇ ಕಂಚು ಸಾಲದೆ ದೇವಾಲಯದ ಘಂಟೆಗಳನ್ನು ಇಳಿಸಿ ಕರಗಿಸುತ್ತಿದ್ದ ಕಾಲವದು. ಆರೂವರೆ ಲಕ್ಷದಷ್ಟು ಜನಕ್ಕೆ ಈ ಬೂದುಬಣ್ಣದ ಶಿಲುಬೆಯನ್ನು ಹಂಚಿದರು. 1917ನೆಯ ಆಗಸ್ಟಿನಲ್ಲಿ ಹುಟ್ಟಿದ ಗಾಯಾಳುಗಳ ಪದಕವೂ ಸತುವಿನದೇ. ಅದರ ಪಟ್ಟಿಯ ನಡುವಿನ ಕೆಂಪು ಗೆರೆಗಳನ್ನು ಎಣಿಸಿದರೆ ಧರಿಸಿದವನು ಎಷ್ಟು ಬಾರಿ ಗಾಯಗೊಂಡನೆಂಬುದು ತಿಳಿಯುತ್ತದೆ. ಗಾಯದ ಲೆಕ್ಕವನ್ನು ಬಟ್ಟೆಯಲ್ಲಿ ನೆಯ್ದಿಟ್ಟ ಈ ಪದಕವನ್ನು ಪಟ್ಟಿಯಿಂದ ಬಿಡಿಸಿದರೆ ಅದರ ಅರ್ಧ ಮಾತು ಅಡಗಿದಂತೆ.

ಶೌರ್ಯಪದಕಕ್ಕೂ ಕೊನೆಯಲ್ಲಿ ಲೋಹದ ಬಡತನ ತಟ್ಟಿತು. ಚಿನ್ನದ ಪದಕವೆಂದು ಕೊಟ್ಟದ್ದು ಗಿಲೀಟು ಮಾಡಿದ ಕಂಚಾಗಿ, ಅಂಚಿನ ಮೇಲೆ ಕಂಚೆಂದೇ ಮುದ್ರೆಯೊತ್ತಿದ್ದುಂಟು. ಬೆಳ್ಳಿಯ ನೀರು ಕುಡಿಸಿದ ಪದಕದ ಅಂಚಿನಲ್ಲಿ ಇದು ಅಸಲಿ ಲೋಹವಲ್ಲವೆಂದು ಜರ್ಮನ್ ಭಾಷೆಯಲ್ಲಿ ಒತ್ತಿದ್ದುಂಟು. ಹೊಸ ಸಂಗ್ರಾಹಕನು ಈ ಮುದ್ರೆಯನ್ನು ಕಂಡು ನಕಲಿಯೆಂದು ತಿಳಿದು ಅದನ್ನು ಬದಿಗೆ ಸರಿಸುತ್ತಾನೆ. ಬಲ್ಲವನು ಅದೇ ಮುದ್ರೆಯನ್ನು ಕಂಡು ಕೈಗೆತ್ತಿಕೊಳ್ಳುತ್ತಾನೆ. ಸರ್ಕಾರವು ತನ್ನ ದಾರಿದ್ರ್ಯವನ್ನು ಬಹುಮಾನದ ಅಂಚಿನ ಮೇಲೆ ತಾನೇ ಬರೆದುಕೊಂಡಂತಹ ಪ್ರಾಮಾಣಿಕತೆ ಮತ್ತೆಲ್ಲಿ ಕಾಣಸಿಕ್ಕೀತು?

ಅಧಿಕಾರಿಗಳಿಗೆ ಸಲ್ಲುತ್ತಿದ್ದ ಯೋಗ್ಯತೆಯ ಬಿರುದುಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುವೆ. 1849ರ ಅಕ್ಟೋಬರಿನಲ್ಲಿ ಹುಟ್ಟಿದ ಸೈನಿಕ ಯೋಗ್ಯತಾ ಶಿಲುಬೆಗೆ ಯುದ್ಧದಲ್ಲಿ ಪಡೆದದ್ದೆಂಬ ಗುರುತಾಗಿ 1860ರಿಂದ ಹಸಿರು ಲಾರೆಲ್ ಮಾಲೆಯೂ, 1916ರಿಂದ ಕತ್ತಿಗಳೂ ಕೂಡಿಕೊಂಡುವು. ಮಾಲೆಯಿಲ್ಲದ ಶಿಲುಬೆ ಶಾಂತಿಕಾಲದ್ದು. 1890ರಲ್ಲಿ ಸ್ಥಾಪಿತವಾದ ಸೈನಿಕ ಯೋಗ್ಯತಾ ಪದಕದ ಹಿಂಬದಿಯಲ್ಲಿ ‘ಸಿಗ್ನಂ ಲಾಡಿಸ್’, ಅಂದರೆ ಪ್ರಶಂಸೆಯ ಚಿಹ್ನೆ, ಎಂಬ ಬರಹವಿರುವುದರಿಂದ ಸಂಗ್ರಾಹಕರ ಬಾಯಲ್ಲಿ ಅದಕ್ಕೆ ಅದೇ ಹೆಸರಾಗಿದೆ. ಇದನ್ನು ಗುರುತಿಸಲು ಮೇಲಿನ ಕಿರೀಟವನ್ನು ನೋಡಬೇಕು. ಫ್ರಾನ್ಸ್ ಜೋಸೆಫನ ಪದಕದ ಮೇಲೆ ಆಸ್ಟ್ರಿಯದ ಒಂದೇ ಕಿರೀಟ. ಕಾರ್ಲನ ಪದಕದ ಮೇಲೆ ಆಸ್ಟ್ರಿಯದ್ದೂ ಹಂಗೇರಿಯದ್ದೂ ಅಕ್ಕಪಕ್ಕದಲ್ಲಿ ಎರಡು. ಹಂಗೇರಿಯ ಕಿರೀಟದ ತುದಿಯ ಶಿಲುಬೆ ವಾಲಿಕೊಂಡಿರುವುದರಿಂದ ಅದನ್ನು ದೂರದಿಂದಲೇ ಹೇಳಬಹುದು. ಹಂಗೇರಿಯದೊಂದೇ ಕಿರೀಟವಿದ್ದು ಪ್ರಶಂಸೆಯ ಅದೇ ಬರಹವಿದ್ದರೆ ಅದು ಸಾಮ್ರಾಜ್ಯದ ಪದಕವೇ ಅಲ್ಲ. 1922ರ ಈಚೆಗೆ ರಾಜಪ್ರತಿನಿಧಿ ಹೋರ್ಟಿಯ ಆಡಳಿತದ ಹಂಗೇರಿಯು ಹಳೆಯ ಹೆಸರನ್ನು ಉಳಿಸಿಕೊಂಡು ಕೊಟ್ಟದ್ದು. ಹಾಗೆಯೇ ಮಹಾಯುದ್ಧದ ಸ್ಮರಣೆಗೆಂದು ಹಂಗೇರಿಯು 1929ರಲ್ಲಿಯೂ ಆಸ್ಟ್ರಿಯದ ಗಣರಾಜ್ಯವು 1932ರಲ್ಲಿಯೂ ಹೊರಡಿಸಿದ ಪದಕಗಳು ಅಂಗಡಿಗಳಲ್ಲಿ ಚಕ್ರವರ್ತಿಯ ಪದಕಗಳೊಡನೆ ಬೆರೆತು ಬರುತ್ತವೆ. ಅವೂ ಕೂಡಿಸತಕ್ಕವೇ, ಆದರೆ ತಮ್ಮ ಹೆಸರಿನಿಂದ.

ಅಧಿಕಾರಿಗಳು ತಮಗೆ ಬಂದ ಬಿರುದನ್ನು ನಿತ್ಯ ಧರಿಸಲೆಂದು ವಿಯೆನ್ನಾದ ಆಭರಣ ವ್ಯಾಪಾರಿಗಳಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಸಿಕೊಳ್ಳುವ ರೂಢಿಯಿತ್ತು. ರೋಟೆ ಮತ್ತು ನೆಫೆ, ವಿನ್ಸೆಂಟ್ಸ್ ಮಾಯರ್ಸ್ ಜ್ಯೋನೆ, ವಿಲ್‌ಹೆಲ್ಮ್ ಕುನ್ಟ್ಸ್ ಎಂಬವು ಹೆಸರಾಂತ ಮನೆತನಗಳು. ಶಿಲುಬೆಯ ಬಳೆಯ ಮೇಲೆ ಅವರ ಮೊದಲಕ್ಷರಗಳೂ, ಬೆಳ್ಳಿಯಾದರೆ ಬೇಟೆನಾಯಿಯ ತಲೆ, ಚಿನ್ನವಾದರೆ ನರಿಯ ತಲೆ ಎಂಬ ಸರ್ಕಾರಿ ಪರೀಕ್ಷೆಯ ಸೂಕ್ಷ್ಮ ಮುದ್ರೆಗಳೂ ಇರುವುದುಂಟು. ಈ ಪ್ರಾಣಿಗಳ ತಲೆ ಅಕ್ಕಿಕಾಳಿಗಿಂತ ಚಿಕ್ಕವು. ಮಹಾಯುದ್ಧದ ಅನಂತರ ಸೂವಾಲ್ ಎಂಬ ವಿಯೆನ್ನಾದ ಸಂಸ್ಥೆಯು, ಪದಕವನ್ನು ಕಳೆದುಕೊಂಡ ಹಳೆಯ ಯೋಧರಿಗೂ ಮುಂದೆ ಸಂಗ್ರಾಹಕರಿಗೂ ಹೊಸದಾಗಿ ಮಾಡಿಕೊಟ್ಟ ಪ್ರತಿಗಳು ಬಹಳ. ಅವುಗಳನ್ನು ಮೋಸವೆನ್ನಲಾಗದು, ಅವನ್ನೇ ಸಾಮ್ರಾಜ್ಯದ ಕಾಲದವೆಂದು ಹೇಳಿ ಮಾರುವುದು ಮೋಸ.

ಪಟ್ಟಿಯ ವಿಷಯವನ್ನು ಕಡೆಗಿರಿಸಿದ್ದು ಅದು ಅಲ್ಪವೆಂದಲ್ಲ. ಬೇರೆ ದೇಶಗಳ ಪದಕಗಳು ಉದ್ದವಾಗಿ ತೂಗುವ ಪಟ್ಟಿಯಲ್ಲಿದ್ದರೆ ಆಸ್ಟ್ರಿಯದ್ದು ಮೂರು ಮೂಲೆಯಾಗಿ ಮಡಿಸಿದ ಪಟ್ಟಿಯ ಕೆಳತುದಿಯಲ್ಲಿ ನೇತಾಡುತ್ತದೆ. ಹತ್ತು ದೇಶಗಳ ಪದಕಗಳ ನಡುವೆ ಇಟ್ಟರೂ ಈ ತ್ರಿಕೋಣವು ಕಣ್ಣಿಗೆ ಬೀಳುತ್ತದೆ. ಶೌರ್ಯಪದಕದ ಪಟ್ಟಿಯಲ್ಲಿ ಬಿಳಿಯ ನೆಲದ ಮೇಲೆ ಕೆಂಪು ಅಡ್ಡಗೆರೆಗಳು ಏಣಿಯ ಮೆಟ್ಟಿಲಿನಂತೆ ಒತ್ತೊತ್ತಾಗಿವೆ. ಯೋಗ್ಯತಾ ಪದಕವು ಈ ಪಟ್ಟಿಯಲ್ಲಿದ್ದರೆ ಯುದ್ಧದ್ದು, ಬರಿಯ ಕೆಂಪು ಪಟ್ಟಿಯಲ್ಲಿದ್ದರೆ ಶಾಂತಿಯದು. ಲೋಹ ಒಂದೇ, ಅಚ್ಚು ಒಂದೇ, ವ್ಯತ್ಯಾಸವೆಲ್ಲ ಬಟ್ಟೆಯಲ್ಲಿ. ಹೀಗಿರುವಾಗ, ಹಳೆಯ ಪಟ್ಟಿ ಮಾಸಿದೆಯೆಂದು ಕಿತ್ತು ಹೊಸ ರೇಷ್ಮೆಯನ್ನು ಕಟ್ಟುವ ವ್ಯಾಪಾರಿಗಿಂತ ದೊಡ್ಡ ಶತ್ರು ಈ ವಿದ್ಯೆಗಿಲ್ಲ. ಒಬ್ಬನ ಎದೆಯ ಮೇಲಿದ್ದ ನಾಲ್ಕಾರು ಪದಕಗಳನ್ನು ಬೇರೆ ಬೇರೆ ಮಾರಿ ನಾಲ್ಕು ಕಾಸು ಹೆಚ್ಚು ಗಳಿಸುವವನೂ ಅದೇ ವರ್ಗದವನು. ಹೆಸರಿಲ್ಲದ ಈ ಪದಕಗಳಿಗೆ ಒಡೆಯನನ್ನು ಕೊಡಬಲ್ಲದ್ದು ಅವು ಒಟ್ಟಿಗಿರುವ ಕ್ರಮ ಮತ್ತು ಜೊತೆಗಿನ ಸನ್ನದು, ಇವೆರಡೇ. ಸನ್ನದಿನಲ್ಲಿ ಹೆಸರೂ ದಳವೂ ಇದ್ದರೆ, ವಿಯೆನ್ನಾದ ಯುದ್ಧ ದಫ್ತರಖಾನೆಯಲ್ಲಿ ಬಿರುದಿಗಾಗಿ ಮಾಡಿದ ಶಿಫಾರಸಿನ ಕಾಗದಗಳನ್ನು ಹುಡುಕಿಸಲು ದಾರಿಯಾಗುತ್ತದೆ. ಆಗ ಆ ಸಿಪಾಯಿಯು ಯಾವ ಬೆಟ್ಟದಲ್ಲಿ ಯಾವ ರಾತ್ರಿ ಏನು ಮಾಡಿದನೆಂಬುದು ಅವನ ಮೇಲಧಿಕಾರಿಯ ಮಾತಿನಲ್ಲೇ ಓದಸಿಕ್ಕೀತು.

ಹೊಸದಾಗಿ ಈ ದಾರಿಗೆ ಬರುವವರಿಗೆ ನನ್ನ ಸಲಹೆ ಇಷ್ಟು. ಚಿನ್ನದಿಂದ ಆರಂಭಿಸಬೇಡಿ. ಫ್ರಾನ್ಸ್ ಜೋಸೆಫನು ಪಟ್ಟವೇರಿದ ನೆನಪಿಗೆ 1898ರಲ್ಲಿ ಮತ್ತು 1908ರಲ್ಲಿ ನಡೆದ ಉತ್ಸವಗಳ ಪದಕಗಳೂ ಕಾರ್ಲನ ಸತುವಿನ ಶಿಲುಬೆಯೂ ಇಂದಿಗೂ ಸುಲಭ ಬೆಲೆಗೆ ಸಿಕ್ಕುವುವು. ಅವನ್ನು ಕೈಯಲ್ಲಿ ಹಿಡಿದು ಅಸಲಿನ ತೂಕಕ್ಕೂ ಅಚ್ಚಿನ ಮೊನೆಗೂ ಬೆರಳನ್ನು ಒಗ್ಗಿಸಿಕೊಳ್ಳಿ. ವಿಯೆನ್ನಾಕ್ಕೆ ಹೋಗುವ ಯೋಗವಿದ್ದರೆ ಆರ್ಸೆನಾಲಿನಲ್ಲಿರುವ ಸೈನಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಒಂದು ದಿನವನ್ನು ಕಳೆಯಿರಿ. ಪುಸ್ತಕದ ಚಿತ್ರವು ಎನಾಮಲ್ಲಿನ ಕಾಂತಿಯನ್ನು ತೋರಿಸಲಾರದು.

ಈ ಪದಕಗಳಿಗೆ ಮನಸೋಲದ ಶ್ರೋತೃಗಳಿಗೂ ಒಂದು ವಿಜ್ಞಾಪನೆಯುಂಟು. ನಿಮ್ಮ ಮನೆಯಲ್ಲಿಯೂ ಅಜ್ಜನೋ ಮುತ್ತಜ್ಜನೋ ಸೈನ್ಯದಲ್ಲಿದ್ದು ತಂದ ಪದಕವೊಂದು ಇದ್ದೀತು. ಹಬ್ಬ ಬಂತೆಂದು ಪೂಜೆಯ ಪಾತ್ರೆಗಳ ಜೊತೆ ಅದನ್ನೂ ಹುಣಿಸೆಹಣ್ಣು ಹಾಕಿ ಉಜ್ಜಬೇಡಿ. ಪಟ್ಟಿ ಹರಿದಿದ್ದರೂ ಬಿಡಿಸಬೇಡಿ. ಅಕ್ಕಸಾಲಿಯ ಕುಲುಮೆಗೆ ಕೊಡಲೇಬೇಡಿ. ಅದನ್ನು ಪಡೆದವರ ಹೆಸರು, ಊರು, ಅವರಿದ್ದ ದಳ, ಮನೆಯ ಹಿರಿಯರಿಗೆ ನೆನಪಿರುವಷ್ಟು ವಿವರ, ಇವನ್ನು ಒಂದು ಕಾಗದದಲ್ಲಿ ಬರೆದು, ಪದಕದೊಡನೆ ಅದೇ ಲಕೋಟೆಯಲ್ಲಿಟ್ಟು, ಮಕ್ಕಳಿಗೆ ತಿಳಿಸಿರಿ.